ಅರಿಜೋನಾ ತನ್ನ ಮೊದಲ ಗವರ್ನರರನ್ನು ಆರಿಸಿಕೊಂಡ ಬಗೆ



ಅಮೆರಿಕದ ಇತಿಹಾಸವೆಂದರೆ ನಮ್ಮ ಶಾಲಾ ಪಾಠಗಳಲ್ಲಿ ಸ್ವಾತಂತ್ರ್ಯ ಸಂಗ್ರಾಮ ಮತ್ತು ಅಂತರ್ಯುದ್ಧ, ಇವೆರಡೇ. ಹದಿಮೂರು ರಾಜ್ಯಗಳ ಒಕ್ಕೂಟವು ಐವತ್ತು ರಾಜ್ಯಗಳದ್ದಾಗಿ ಬೆಳೆದ ಕಥೆಗೆ ಅಲ್ಲಿ ಎಡೆಯಿಲ್ಲ. ಆ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಪದದ ವಿವರಣೆ. ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಆಡಳಿತದ ಹೊಣೆ ಮುಖ್ಯಮಂತ್ರಿಗಳದು. ಅಮೆರಿಕದ ರಾಜ್ಯಗಳಲ್ಲಾದರೋ ಗವರ್ನರರೇ ಆಡಳಿತದ ಮುಖ್ಯಸ್ಥರು. ಅವರನ್ನು ಜನರೇ ನೇರವಾಗಿ ಆರಿಸುತ್ತಾರೆ. ಆದರೆ ಇನ್ನೂ ರಾಜ್ಯದ ಸ್ಥಾನಮಾನ ದೊರೆಯದ 'ಟೆರಿಟರಿ'ಗಳಿಗೆ ಈ ಭಾಗ್ಯವಿರಲಿಲ್ಲ. ಅಲ್ಲಿನ ಗವರ್ನರರನ್ನೂ ಉನ್ನತ ನ್ಯಾಯಾಧೀಶರನ್ನೂ ಅಮೆರಿಕದ ಅಧ್ಯಕ್ಷರು ನೇಮಿಸುತ್ತಿದ್ದರು. ಟೆರಿಟರಿಯ ಪ್ರತಿನಿಧಿಯೊಬ್ಬರು ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಕುಳಿತು ಮಾತನಾಡಬಹುದಿತ್ತು, ಮತ ಹಾಕುವಂತಿರಲಿಲ್ಲ.

1863ರಲ್ಲಿ ರಚನೆಯಾದ ಅರಿಜೋನಾ ಟೆರಿಟರಿಯು ಈ ಸ್ಥಿತಿಯಲ್ಲಿ ಸುಮಾರು 49 ವರ್ಷ ಕಾಯಬೇಕಾಯಿತು. ಮರುಭೂಮಿ, ವಿರಳ ಜನಸಂಖ್ಯೆ ಎಂಬ ನೆಪಗಳ ಜೊತೆಗೆ ರಾಜಕೀಯದ ಲೆಕ್ಕಾಚಾರವೂ ಇತ್ತು. ಅಲ್ಲಿನ ಮತದಾರರಲ್ಲಿ ಡೆಮಾಕ್ರಟಿಕ್ ಪಕ್ಷದವರೇ ಹೆಚ್ಚು. ವಾಷಿಂಗ್ಟನ್ನಿನಲ್ಲಿ ಅಧಿಕಾರ ರಿಪಬ್ಲಿಕನ್ನರದು. ನೆರೆಯ ನ್ಯೂ ಮೆಕ್ಸಿಕೋದೊಡನೆ ಸೇರಿ ಒಂದೇ ರಾಜ್ಯವಾಗಿರೆಂಬ ಸಲಹೆಯನ್ನು 1906ರಲ್ಲಿ ಜನರ ಮುಂದಿಟ್ಟಾಗ ನ್ಯೂ ಮೆಕ್ಸಿಕೋ ಒಪ್ಪಿತು, ಅರಿಜೋನಾ ಒಪ್ಪಲಿಲ್ಲ. ಕಡೆಗೆ 1910ರ ಜೂನ್‌ನಲ್ಲಿ ಸ್ವಂತ ಸಂವಿಧಾನ ರಚಿಸಿಕೊಳ್ಳಲು ಅನುಮತಿ ಬಂದಿತು.

ಆ ವರ್ಷದ ಅಕ್ಟೋಬರ್‌ನಲ್ಲಿ ಫೀನಿಕ್ಸ್ ನಗರದಲ್ಲಿ 52 ಮಂದಿ ಪ್ರತಿನಿಧಿಗಳು ಸೇರಿದರು. ಅಧ್ಯಕ್ಷರಾಗಿ ಆಯ್ಕೆಯಾದವರು ಜಾರ್ಜ್ ಹಂಟ್. ಮಿಸ್ಸೂರಿಯಲ್ಲಿ 1859ರಲ್ಲಿ ಹುಟ್ಟಿದ ಇವರು 1881ರಲ್ಲಿ ಗ್ಲೋಬ್ ಎಂಬ ಗಣಿ ಊರಿಗೆ ಬಂದು, ಹೋಟೆಲಿನಲ್ಲಿ ಮಾಣಿಯಾಗಿ, ಗಣಿಯಲ್ಲಿ ಕೂಲಿಯಾಗಿ ದುಡಿದು, ಅಂಗಡಿಯೊಂದನ್ನು ಸೇರಿ ಕ್ರಮೇಣ ಅದೇ ವ್ಯಾಪಾರ ಸಂಸ್ಥೆಯ ಮುಖ್ಯಸ್ಥರಾದವರು. ಶಾಲಾ ವಿದ್ಯೆ ಅಲ್ಪ, ಲೋಕಾನುಭವ ಅಪಾರ.

ಈ ಸಭೆ ರಚಿಸಿದ ಸಂವಿಧಾನದಲ್ಲಿ ಜನರಿಗೆ ಅಸಾಧಾರಣ ಅಧಿಕಾರಗಳಿದ್ದವು. ಕಾನೂನನ್ನು ಸ್ವತಃ ಸೂಚಿಸುವುದು, ಶಾಸನಸಭೆಯ ಕಾನೂನನ್ನು ಜನಮತಕ್ಕೆ ಎಳೆಯುವುದು, ಚುನಾಯಿತರನ್ನು ಅವಧಿಗೆ ಮುನ್ನವೇ ಹಿಂದಕ್ಕೆ ಕರೆಸಿಕೊಳ್ಳುವುದು. ಈ ಕೊನೆಯ ಹಕ್ಕು ನ್ಯಾಯಾಧೀಶರಿಗೂ ಅನ್ವಯಿಸುತ್ತಿತ್ತು. ಬಿಕ್ಕಟ್ಟು ಹುಟ್ಟಿದ್ದು ಅಲ್ಲಿಯೇ.

ಅಧ್ಯಕ್ಷ ವಿಲಿಯಂ ಟಾಫ್ಟ್ ಸ್ವತಃ ನ್ಯಾಯಾಧೀಶರಾಗಿದ್ದವರು. ಗುಂಪಿನ ಕೋಪಕ್ಕೆ ಅಂಜುವ ನ್ಯಾಯಾಧೀಶನಿಂದ ನ್ಯಾಯ ದೊರೆಯದೆಂಬುದು ಅವರ ವಾದ. ತಾಮ್ರದ ಗಣಿ ಕಂಪನಿಗಳೂ ರೈಲ್ವೆಗಳೂ ಪ್ರಬಲವಾಗಿದ್ದ ನಾಡಿನ ಕಾರ್ಮಿಕರಿಗೆ, ದೂರದಿಂದ ನೇಮಕವಾದ ನ್ಯಾಯಾಧೀಶರು ಯಾರ ಪರವೆಂಬ ಅನುಮಾನವಿತ್ತು. ಎರಡು ವಾದಗಳಲ್ಲೂ ಹುರುಳಿದೆ ಎಂಬುದನ್ನು ಗಮನಿಸಿ. 1911ರ ಆಗಸ್ಟ್ 15ರಂದು ಟಾಫ್ಟ್ ಅಂಕಿತ ನಿರಾಕರಿಸಿದರು. ಆರು ದಿನಗಳ ಬಳಿಕ ಷರತ್ತಿನೊಡನೆ ಸಮ್ಮತಿ ಬಂದಿತು: ನ್ಯಾಯಾಧೀಶರ ಮಾತನ್ನು ಕೈಬಿಟ್ಟರೆ ಮಾತ್ರ ರಾಜ್ಯದ ಸ್ಥಾನ.

1911ರ ಡಿಸೆಂಬರ್ 12ರಂದು ಅರಿಜೋನಾದ ಮತದಾರರು ಒಂದೇ ದಿನ ಎರಡು ತೀರ್ಮಾನಗಳನ್ನು ಮಾಡಿದರು. ಭಾರಿ ಬಹುಮತದಿಂದ ಆ ವಿವಾದಿತ ವಾಕ್ಯವನ್ನು ತೆಗೆದುಹಾಕಿದರು. ಅದನ್ನು ಬರೆದ ಸಭೆಯ ಅಧ್ಯಕ್ಷರಾಗಿದ್ದ ಹಂಟ್ ಅವರನ್ನೇ ಮೊದಲ ಗವರ್ನರರನ್ನಾಗಿ ಆರಿಸಿದರು. ಹಂಟ್ ಅವರಿಗೆ 11,123 ಮತಗಳು. ರಿಪಬ್ಲಿಕನ್ ಅಭ್ಯರ್ಥಿ, ಮಾಜಿ ನ್ಯಾಯಾಧೀಶ ಎಡ್ಮಂಡ್ ವೆಲ್ಸ್ ಅವರಿಗೆ 9,166. ತಲೆಬಾಗಿದಂತೆ ತೋರಿಯೂ ಜನರು ಪಟ್ಟು ಬಿಟ್ಟಿರಲಿಲ್ಲ!

1912ರ ಫೆಬ್ರವರಿ 14ರಂದು ಅರಿಜೋನಾ 48ನೆಯ ರಾಜ್ಯವಾಯಿತು. ಅಂದು ಹಂಟ್ ತಾವು ತಂಗಿದ್ದ ಹೋಟೆಲಿನಿಂದ ಕ್ಯಾಪಿಟಲ್ ಕಟ್ಟಡಕ್ಕೆ ಹೊರಟದ್ದು ಸಾರೋಟಿನಲ್ಲಲ್ಲ, ಕಾಲ್ನಡಿಗೆಯಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಜನರು ಮತ್ತೆ ಮತ ಹಾಕಿ ನ್ಯಾಯಾಧೀಶರನ್ನು ಹಿಂದಕ್ಕೆ ಕರೆಸುವ ಹಕ್ಕನ್ನು ಸಂವಿಧಾನದೊಳಕ್ಕೆ ಮರಳಿ ತಂದರು. ರಾಜ್ಯವಾದ ಮೇಲೆ ವಾಷಿಂಗ್ಟನ್ ತಡೆಯುವಂತಿರಲಿಲ್ಲ.

ಆದರೆ 'ಜನರು' ಎಂದರೆ ಯಾರು? ಹಂಟ್ ಅವರನ್ನು ಆರಿಸಿದ ಚುನಾವಣೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ. 1912ರ ಅದೇ ನವೆಂಬರ್ ಮತದಾನದಲ್ಲಿ ಅವರಿಗೆ ಆ ಹಕ್ಕು ದೊರೆಯಿತು. ದೇಶಾದ್ಯಂತ ಅದು ಬಂದದ್ದು 1920ರಲ್ಲಿ. ಆ ನೆಲದ ಮೂಲನಿವಾಸಿಗಳು ಮಾತ್ರ 1948ರವರೆಗೆ ಕಾಯಬೇಕಾಯಿತು. ಆಗ ಅವರಿಗೆ ಬಾಗಿಲು ತೆರೆದದ್ದು ಜನಮತವಲ್ಲ, ಅರಿಜೋನಾದ ಸರ್ವೋಚ್ಚ ನ್ಯಾಯಾಲಯದ ತೀರ್ಪು.

ಹಂಟ್ ಅವರ ಬದುಕಿನಲ್ಲಿಯೂ ಇಂಥದೇ ಸೋಜಿಗವುಂಟು. 1916ರ ಚುನಾವಣೆಯಲ್ಲಿ ಕೇವಲ 30 ಮತಗಳಿಂದ ಸೋತರೆಂದು ಘೋಷಿತವಾದಾಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1917ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರೇ ಅವರಿಗೆ ಪದವಿಯನ್ನು ಮರಳಿಸಿದರು. ಒಟ್ಟು ಏಳು ಬಾರಿ ಗವರ್ನರರಾದ ಅವರು 1934ರಲ್ಲಿ ತೀರಿಕೊಂಡರು. ಫೀನಿಕ್ಸ್‌ನ ಪಾಪಾಗೋ ಉದ್ಯಾನದ ದಿಬ್ಬದ ಮೇಲೆ ಬಿಳಿಯ ಪಿರಮಿಡ್ಡಿನಾಕಾರದ ಅವರ ಸಮಾಧಿಯಿದೆ. ಆ ಕಡೆ ನೆಲೆಸಿರುವ ಶಿಷ್ಯರು ಯಾರಾದರೂ ಇದ್ದರೆ ಒಮ್ಮೆ ನೋಡಿ ಬನ್ನಿ.

ನಮ್ಮ ಸಂವಿಧಾನ ಸಭೆಯೂ 1947ರಲ್ಲಿ ಚುನಾಯಿತ ರಾಜ್ಯಪಾಲರೇ ಇರಲೆಂದು ಮೊದಲು ಒಪ್ಪಿತ್ತು. ಜನರಿಂದ ಆಯ್ಕೆಯಾದ ಇಬ್ಬರು, ಅಂದರೆ ರಾಜ್ಯಪಾಲರು ಮತ್ತು ಮುಖ್ಯಮಂತ್ರಿ, ಪರಸ್ಪರ ಸೆಣಸಿಯಾರೆಂಬ ಆತಂಕದಿಂದ 1949ರಲ್ಲಿ ನೇಮಕದ ಪದ್ಧತಿಯನ್ನು ಆರಿಸಿಕೊಂಡಿತು. ಪದ್ಧತಿ ಯಾವುದೇ ಇರಲಿ, ಅಧಿಕಾರಸ್ಥರು ಯಾರಿಗೆ ಉತ್ತರ ಹೇಳಬೇಕು, ಮತ್ತು ಬಹುಮತವು ಕೈಬಿಟ್ಟವರ ಪರವಾಗಿ ನಿಲ್ಲುವವರು ಯಾರು, ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು. ಅರಿಜೋನಾದ ಮತದಾರರು ಮೊದಲನೆಯದನ್ನು ದಿಟ್ಟವಾಗಿ ಕೇಳಿದರು. ಎರಡನೆಯದನ್ನು ಕೇಳಲು ಅವರ ನಾಡಿಗೆ ಇನ್ನೂ 36 ವರ್ಷ ಬೇಕಾಯಿತು.