ಹಬ್ಬದ ಮಧ್ಯಾಹ್ನ ಒಂದು ಕಸದ ಕಥೆ: ‘ಆಲಿಸಸ್ ರೆಸ್ಟೋರೆಂಟ್’ ಹಾಡು ಮತ್ತು ಅಮೆರಿಕದ ರೇಡಿಯೊ ಕೇಳುಗರು

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕನ್ನರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಮಧ್ಯಾಹ್ನ 12 ಗಂಟೆಗೆ ಅಲ್ಲಿನ ಎಷ್ಟೋ ರಾಕ್ ಸಂಗೀತದ ರೇಡಿಯೊ ಕೇಂದ್ರಗಳು 18 ನಿಮಿಷ 34 ಸೆಕೆಂಡುಗಳ ಒಂದೇ ಹಾಡನ್ನು ಇಡಿಯಾಗಿ ಪ್ರಸಾರ ಮಾಡುತ್ತವೆ. ಆರ್ಲೊ ಗತ್ರಿ 1967ರಲ್ಲಿ ಹೊರತಂದ ‘ಆಲಿಸಸ್ ರೆಸ್ಟೋರೆಂಟ್ ಮ್ಯಾಸಕ್ರೀ’ ಅದು. ಹಬ್ಬದ ಹಾಡು ಎನ್ನುವುದಕ್ಕೆ ಅದರಲ್ಲಿರುವುದು ಹಬ್ಬದ ದಿನ ನಡೆದ ಒಂದು ಘಟನೆ ಮಾತ್ರ. ಹೂರಣವೆಲ್ಲ ವಿಯಟ್ನಾಂ ಯುದ್ಧಕಾಲದ ಕಡ್ಡಾಯ ಸೈನ್ಯಭರ್ತಿಯ ಗೇಲಿ. ಇದನ್ನು ಕೇಳದೆ ಊಟಕ್ಕೆ ಕೂರದ ಮನೆಗಳಿವೆ. ಗಿಟಾರಿನ ಮೊದಲ ಸ್ವರ ಕೇಳಿದ ಕೂಡಲೇ ಕೇಂದ್ರ ಬದಲಿಸುವವರೂ ಆ ಮನೆಗಳಲ್ಲೇ ಇದ್ದಾರೆ. ಹಾಡು ಹಳತಾದ್ದರಿಂದ ಈ ಭಿನ್ನಾಭಿಪ್ರಾಯ ಬಂತು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ರೇಡಿಯೊ ಚರಿತ್ರೆಯನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಬೇಕು ಬೇಡಗಳ ಈ ಜಗಳ ಹಾಡಿನ ಜೊತೆಗೇ ಹುಟ್ಟಿದ್ದು. ಒಂದು ಹಂತದಲ್ಲಂತೂ ಆ ಜಗಳದಿಂದಲೇ ಒಂದು ಕೇಂದ್ರ ವಂತಿಗೆ ಎತ್ತಿತು.

ಮೊದಲು ಘಟನೆ. 1965ರ ಥ್ಯಾಂಕ್ಸ್‌ಗಿವಿಂಗ್ ನವೆಂಬರ್ 25ರಂದು ಬಿದ್ದಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ, ಪೂಜೆ ನಿಂತುಹೋದ ಹಳೆಯ ಚರ್ಚೊಂದರಲ್ಲಿ ಆಲಿಸ್ ಬ್ರಾಕ್ ಮತ್ತು ರೇ ಬ್ರಾಕ್ ದಂಪತಿ ವಾಸವಾಗಿದ್ದರು. ಇಬ್ಬರೂ ಆರ್ಲೊ ಓದಿದ ಸ್ಟಾಕ್‌ಬ್ರಿಜ್ ಶಾಲೆಯಲ್ಲಿ ಕೆಲಸ ಮಾಡಿದವರು: ಆಲಿಸ್ ಗ್ರಂಥಪಾಲಕಿ, ರೇ ಕುಶಲಕಲೆಯ ಮೇಷ್ಟ್ರು. ಹಬ್ಬದೂಟಕ್ಕೆ ಬಂದಿದ್ದ 18 ವರ್ಷದ ಆರ್ಲೊ ಮತ್ತವನ ಗೆಳೆಯ ಉಪಕಾರಕ್ಕೆಂದು ಚರ್ಚಿನೊಳಗೆ ಗುಡ್ಡೆಬಿದ್ದಿದ್ದ ಕಸವನ್ನು ಫೋಕ್ಸ್‌ವ್ಯಾಗನ್ ವ್ಯಾನಿಗೆ ತುಂಬಿಕೊಂಡು ಹೊರಟರು. ಊರಿನ ಕಸದ ಜಾಗಕ್ಕೆ ಹಬ್ಬದ ರಜೆ, ಬೀಗ. ಸ್ಟಾಕ್‌ಬ್ರಿಜ್‌ನ ಒಂದು ಇಳಿಜಾರಿನಲ್ಲಿ ಸುರಿದು ಬಂದರು. ಪೊಲೀಸ್ ಮುಖ್ಯಸ್ಥ ವಿಲಿಯಂ ಓಬನ್‌ಹೈನ್ ಕಸ ಕೆದಕಿ ಪತ್ತೆ ಹಚ್ಚಿ ಇಬ್ಬರನ್ನೂ ಬಂಧಿಸಿದ. ಆಲಿಸ್ ಹೋಗಿ ಬಿಡಿಸಿಕೊಂಡು ಬಂದಳು. ಜೇಮ್ಸ್ ಹ್ಯಾನನ್ ಎಂಬ ಅಂಧ ನ್ಯಾಯಾಧೀಶರು ತಲಾ 25 ಡಾಲರ್ ದಂಡ ಹಾಕಿ, ಕಸ ಎತ್ತಿಸಿದರು. ‘ಬರ್ಕ್‌ಶೈರ್ ಈಗಲ್’ ಎಂಬ ಸ್ಥಳೀಯ ಪತ್ರಿಕೆ ಇದನ್ನು ನಾಲ್ಕು ದಿನದ ನಂತರ ಸಣ್ಣ ಸುದ್ದಿಯಾಗಿ ಪ್ರಕಟಿಸಿತು.

ಇದಿಷ್ಟೇ ಆಗಿದ್ದರೆ ಬೆಟ್ಟದೂರಿನ ಪೋಲಿ ಹುಡುಗರ ಪ್ರಸಂಗವಾಗಿ ಮುಗಿಯುತ್ತಿತ್ತು. ಆದರೆ ಅದೇ ವರ್ಷದ ಜುಲೈನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸೈನ್ಯಭರ್ತಿಯ ತಿಂಗಳ ಸಂಖ್ಯೆಯನ್ನು 17,000ದಿಂದ 35,000ಕ್ಕೆ ಏರಿಸಿದ್ದರು. 18 ತುಂಬಿದ ಪ್ರತಿ ಗಂಡು ಹುಡುಗನ ಹೆಸರೂ ಭರ್ತಿ ಮಂಡಳಿಯ ಕಡತದಲ್ಲಿರಬೇಕಿತ್ತು. ಗತ್ರಿ ಈ ಎರಡು ಎಳೆಗಳನ್ನು ಗಂಟು ಹಾಕಿದ್ದರಲ್ಲಿ ಹಾಡಿನ ಜಾಣತನವಿದೆ. ನ್ಯೂಯಾರ್ಕ್‌ನ ವೈಟ್‌ಹಾಲ್ ಸ್ಟ್ರೀಟಿನ ಭರ್ತಿ ಕೇಂದ್ರದಲ್ಲಿ ಕಥಾನಾಯಕನನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸುತ್ತಾರೆ. ಕೊನೆಗೆ, ನಿನ್ನ ಮೇಲೆ ಯಾವುದಾದರೂ ಅಪರಾಧ ಸಾಬೀತಾಗಿದೆಯೇ ಎಂದು ಕೇಳುತ್ತಾರೆ. ಕಸದ ಪ್ರಕರಣ ಹೊರಬಿದ್ದು, ಅವನನ್ನು ಅಪರಾಧಿಗಳ ಬೆಂಚಿನಲ್ಲಿ ಕೂರಿಸುತ್ತಾರೆ. ಹಳ್ಳಿ ಸುಡಲು ಕಳಿಸಬೇಕಾದವನು ಕಸ ಎಸೆದಿದ್ದಾನಲ್ಲ, ಇವನ ನಡತೆ ಸೈನ್ಯಕ್ಕೆ ತಕ್ಕದ್ದೇ ಎಂದು ಸರಕಾರ ಚಿಂತೆಗೆ ಬೀಳುತ್ತದೆ. ಯುದ್ಧವನ್ನು ನೇರವಾಗಿ ಬೈಯುವ ಸಾಲುಗಳು ಇಲ್ಲಿ ಬಹಳ ಕಡಿಮೆ. ಬೈಗುಳಕ್ಕಿಂತ ಗುಮಾಸ್ತಿಕೆಯ ನಗೆಪಾಟಲೇ ಹೆಚ್ಚು ಕೊಯ್ಯುತ್ತದೆಂದು 20ರ ಹರೆಯದ ಹಾಡುಗಾರನಿಗೆ ತಿಳಿದಿತ್ತು.

ಇದರ ರೂಪ ‘ಟಾಕಿಂಗ್ ಬ್ಲೂಸ್’. ಗಿಟಾರು ಒಂದೇ ಲಯದಲ್ಲಿ ಓಡುತ್ತಿರುತ್ತದೆ, ಹಾಡುಗಾರ ಹಾಡದೆ ಮಾತಾಡುತ್ತಾನೆ. ಕ್ರಿಸ್ ಬೌಚಿಲನ್ 1926ರಲ್ಲಿ ಧ್ವನಿಮುದ್ರಿಸಿದ ಈ ರೂಪವನ್ನು ಬರಗಾಲದ ವಲಸಿಗರ ಕಥೆ ಹೇಳಲು ಪಳಗಿಸಿದವನು ಆರ್ಲೊನ ತಂದೆ ವುಡಿ ಗತ್ರಿ. ನಮ್ಮ ಹರಿಕಥೆ ದಾಸರು ಮೂಲಕಥೆಯನ್ನು ಬಿಟ್ಟು ಉಪಕಥೆಗೆ ಹಾರಿ, ಸಭಿಕರನ್ನು ನಗಿಸಿ, ಮತ್ತೆ ಪಲ್ಲವಿಗೆ ಬಂದು ಎಲ್ಲರಿಂದಲೂ ಹೇಳಿಸುವಂತೆ ಆರ್ಲೊ ಕೂಡ ದಾರಿ ತಪ್ಪುತ್ತಲೇ ಹೋಗಿ, ಕೊನೆಗೆ ರೆಸ್ಟೋರೆಂಟಿನ ಪಲ್ಲವಿಯನ್ನು ಕೇಳುಗರ ಬಾಯಲ್ಲೇ ಹಾಡಿಸುತ್ತಾನೆ. ಎದುರಿಗೆ ಕೂತವರಿಗೆ ಇದು ಹಬ್ಬ. ಅಡುಗೆಮನೆಯಲ್ಲಿ ಒಂದು ಕಿವಿ ಕೊಟ್ಟು ಕೇಳುವವರಿಗೆ ಹಾಡು ಇನ್ನೂ ಶುರುವಾಗಿಲ್ಲವೇನೋ ಎನಿಸಬಹುದು. ಕೇಳುಗರು ಮೊದಲು ಇಬ್ಭಾಗವಾದದ್ದು ರಾಜಕೀಯಕ್ಕಲ್ಲ, ಈ ಉದ್ದಕ್ಕೆ.

ಆ ಉದ್ದಕ್ಕೆ ರೇಡಿಯೊದಲ್ಲಿ ಜಾಗ ಸಿಕ್ಕಿದ್ದೇ ಒಂದು ಕಾನೂನಿನ ಆಕಸ್ಮಿಕ. 1960ರ ದಶಕದ ಎಎಂ ಕೇಂದ್ರಗಳಲ್ಲಿ ಜನಪ್ರಿಯ ಹಾಡೆಂದರೆ ಸುಮಾರು ಮೂರು ನಿಮಿಷ. ಎಫ್‌ಎಂ ಬಹುಮಟ್ಟಿಗೆ ಎಎಂನ ನೆರಳಾಗಿತ್ತು. ಒಡೆಯರು ಎರಡರಲ್ಲೂ ಒಂದೇ ಕಾರ್ಯಕ್ರಮ ಬಿಡುತ್ತಿದ್ದರು. ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಹೀಗೆ ಅರ್ಧಕ್ಕಿಂತ ಹೆಚ್ಚು ಹೊತ್ತು ನಕಲು ಮಾಡಕೂಡದೆಂದು ಫೆಡರಲ್ ಸಂಪರ್ಕ ಆಯೋಗ 1964ರಲ್ಲಿ ನಿಯಮ ಮಾಡಿತು. ತೆರವಾದ ಗಂಟೆಗಳನ್ನು ತುಂಬಲು ಕೇಂದ್ರಗಳು ಕಡಿಮೆ ಸಂಬಳದ ಎಳೆಯರ ಕೈಗೆ ಮೈಕು ಕೊಟ್ಟವು. ಅವರು ಆಲ್ಬಮ್ಮುಗಳ ಉದ್ದದ ಹಾಡುಗಳನ್ನೇ ಹಾಕತೊಡಗಿದರು. ಗತ್ರಿಯ ಹಾಡು ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ಆಕ್ರಮಿಸಿತ್ತು. ಇನ್ನೆರಡು ವರ್ಷದ ನಂತರ ಎಎಂಗೆಂದು ನಾಲ್ಕೂಮುಕ್ಕಾಲು ನಿಮಿಷದ ಮೊಟಕು ರೂಪವನ್ನೂ ಬಿಟ್ಟರು. ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 97ನೇ ಸ್ಥಾನ ಮುಟ್ಟಿ ಜಾರಿತು. ಕತ್ತರಿಸಿದರೆ ಬದುಕದ ಜಾತಿಯ ಹಾಡು ಇದು.

ಆಲ್ಬಮ್ ಬರುವ ಮೊದಲೇ ಹಾಡು ರೇಡಿಯೊದಲ್ಲಿ ಮನೆಮಾತಾಗಿತ್ತು. ನ್ಯೂಯಾರ್ಕ್‌ನ ಡಬ್ಲ್ಯುಬಿಎಐ ಜಾಹೀರಾತಿಲ್ಲದ, ಕೇಳುಗರ ವಂತಿಗೆಯಿಂದಲೇ ನಡೆಯುವ ಪೆಸಿಫಿಕಾ ಫೌಂಡೇಶನ್ ಕೇಂದ್ರ. ಅಲ್ಲಿ ಬಾಬ್ ಫ್ಯಾಸ್ 1963ರಿಂದ ನಡುರಾತ್ರಿಯ ನಂತರ ನಡೆಸುತ್ತಿದ್ದ ‘ರೇಡಿಯೊ ಅನ್‌ನೇಮಬಲ್’ ಕಾರ್ಯಕ್ರಮದಲ್ಲಿ ಗತ್ರಿ ಇದನ್ನು ನೇರವಾಗಿ ಹಾಡಿದ. ಆ ಧ್ವನಿಮುದ್ರಿಕೆಯನ್ನು ಫ್ಯಾಸ್ ಮತ್ತೆ ಮತ್ತೆ ಹಾಕಿದ. ಬೇಡಿಕೆ ಎಷ್ಟು ಏರಿತೆಂದರೆ, ಇಷ್ಟು ವಂತಿಗೆ ಕೂಡಿದರೆ ಮಾತ್ರ ಹಾಡು ಎಂದು ಕೇಂದ್ರ ಷರತ್ತು ಹಾಕಿತು. ಫ್ಯಾಸ್ ಅದನ್ನು ತಲೆಕೆಳಗು ಮಾಡಿ, ಹಾಡನ್ನು ನಿಲ್ಲಿಸಬೇಕಾದರೂ ಹಣ ಕಳಿಸಿ ಎಂದು ಕೇಳಿದ್ದೂ ಉಂಟು. ಹಾಡಿನ ಅಭಿಮಾನಿ ಚರಿತ್ರೆಗಳು ಈ ಪ್ರಸಂಗವನ್ನು ಒಂದು ನಗೆಹನಿಯಾಗಿ ಹೇಳಿ ಮುಂದೆ ಹೋಗುತ್ತವೆ. ನನಗೆ ಇದು ಇಡೀ ವಿಷಯದ ಕೀಲಿಯಾಗಿ ಕಾಣುತ್ತದೆ. ವರ್ಷಕ್ಕೊಮ್ಮೆಯ ಸಂಪ್ರದಾಯ ಹುಟ್ಟುವ ಮೊದಲೇ, ಹಾಡಿನ ವಯಸ್ಸು ತಿಂಗಳುಗಳಲ್ಲಿ ಇದ್ದಾಗಲೇ, ನ್ಯೂಯಾರ್ಕ್‌ನ ಎಡಪಂಥೀಯ, ಯುದ್ಧವಿರೋಧಿ ಕೇಳುಗರ ನಡುವೆಯೇ ಸಾಕಪ್ಪಾ ಎನ್ನುವ ಬಣವೊಂದಿತ್ತು. ಹಾಡಿನ ಆಶಯವನ್ನು ಒಪ್ಪುವುದು ಬೇರೆ, ಹಾಡನ್ನು ಸಹಿಸುವುದು ಬೇರೆ ಎಂಬುದು ಅಲ್ಲಿಯೇ ಖಚಿತವಾಯಿತು.

1967ರ ಜುಲೈನ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಹಾಡು ಮಧ್ಯಾಹ್ನದ ಚಿಕ್ಕ ಗೋಷ್ಠಿಯಿಂದ ದೊಡ್ಡ ವೇದಿಕೆಗೆ ಏರಿತು. ಅಕ್ಟೋಬರ್ 3ರಂದು ವುಡಿ ಹಂಟಿಂಗ್‌ಟನ್ ಕಾಯಿಲೆಯಿಂದ ತೀರಿಕೊಂಡ; ಮಗನ ಆಲ್ಬಮ್ ಬಂದದ್ದೂ ಅದೇ ತಿಂಗಳು. 1969ರಲ್ಲಿ ಆರ್ಥರ್ ಪೆನ್ ಇದನ್ನು ಚಲನಚಿತ್ರ ಮಾಡಿದಾಗ ಗತ್ರಿ ಮಾತ್ರವಲ್ಲ, ಪೊಲೀಸ್ ಮುಖ್ಯಸ್ಥ ಓಬನ್‌ಹೈನ್, ನ್ಯಾಯಾಧೀಶ ಹ್ಯಾನನ್ ಕೂಡ ತಮ್ಮ ಪಾತ್ರಗಳನ್ನು ತಾವೇ ಮಾಡಿದರು. ತನ್ನನ್ನು ಗೇಲಿ ಮಾಡಿದ ಕಥೆಗೆ ಓಬನ್‌ಹೈನ್ ಬಣ್ಣ ಹಚ್ಚಿಕೊಂಡು ನಿಂತದ್ದು ಪ್ರತಿಭಟನೆಯ ಮೊನೆಯನ್ನು ಸ್ವಲ್ಪ ಮೊಂಡು ಮಾಡಿತೆಂಬುದು ನನ್ನ ಎಣಿಕೆ. ಅಂದಿನಿಂದ ಇದು ಹಳೆಯ ಊರಿನ ತಮಾಷೆಯೂ ಹೌದು.

ಹಬ್ಬದ ಪ್ರಸಾರವನ್ನು ಯಾರೂ ಆಜ್ಞೆ ಹೊರಡಿಸಿ ಆರಂಭಿಸಲಿಲ್ಲ. ಕೇಂದ್ರಕೇಂದ್ರಗಳಲ್ಲಿ ತಾನಾಗಿ ಬೆಳೆದ ರೂಢಿ ಅದು. ರಜೆಯ ದಿನ ಒಂಟಿಯಾಗಿ ಪಾಳಿ ಮಾಡುವ ನಿರೂಪಕನಿಗೆ 18 ನಿಮಿಷದ ಹಾಡು ಒಂದು ವರವೆಂಬುದನ್ನು ಮರೆಯಬಾರದು. ಮುಂದೆ ಮುಕ್ತ ಎಫ್‌ಎಂ ಯುಗ ಮುಗಿದು, ಆಯ್ದ ಹಳೆಯ ಹಾಡುಗಳನ್ನೇ ತಿರುಗಿಸುವ ‘ಕ್ಲಾಸಿಕ್ ರಾಕ್’ ಕೇಂದ್ರಗಳು ಬಂದಾಗಲೂ, ಉಳಿದ ದಿನಗಳಲ್ಲಿ ಇಂಥ ಉದ್ದದ ಮಾತುಗಾರಿಕೆಯನ್ನು ಹತ್ತಿರ ಸೇರಿಸದ ಆ ಕೇಂದ್ರಗಳೇ ವರ್ಷಕ್ಕೊಂದು ದಿನ ಬಾಗಿಲು ತೆರೆದವು. ಕಡ್ಡಾಯ ಭರ್ತಿ 1973ರಲ್ಲೇ ನಿಂತಿತ್ತು. ಆ ಬಳಿಕ ಹುಟ್ಟಿದವರಿಗೆ ವೈಟ್‌ಹಾಲ್ ಸ್ಟ್ರೀಟಿನ ಬೆಂಚು ಅಪ್ಪ ಅಮ್ಮ ನಗುವ ಜಾಗ. ಯಾಕೆ ನಗುತ್ತಾರೆಂದು ಬಿಡಿಸಿ ಹೇಳಬೇಕು. ಹಾಗೆ ಬಿಡಿಸಿ ಹೇಳುವ ನೆವಕ್ಕೇ ಹಾಡು ಬೇಕೆನ್ನುವವರು ಒಂದು ಕಡೆ, ವಿವರಣೆ ಬೇಡುವ ನಗೆ ಸತ್ತ ನಗೆ ಎನ್ನುವವರು ಇನ್ನೊಂದು ಕಡೆ.

ಇತ್ತೀಚಿನ ದಶಕಗಳ ಗಟ್ಟಿ ಆಕ್ಷೇಪ ಬೇರೆಯದು. ಮುಕ್ತಾಯದ ಭಾಗದಲ್ಲಿ ಗತ್ರಿ ಒಂದು ಉಪಾಯ ಹೇಳಿಕೊಡುತ್ತಾನೆ: ಭರ್ತಿ ಕೇಂದ್ರಕ್ಕೆ ಹೋಗಿ ಪಲ್ಲವಿ ಹಾಡಿ ಹೊರಬನ್ನಿ. ಒಬ್ಬನೇ ಹಾಡಿದರೆ ಹುಚ್ಚನೆನ್ನುತ್ತಾರೆ, ಜನ ಹೆಚ್ಚಿದಂತೆ ಅದು ಸಂಘಟನೆ, ಚಳವಳಿ ಆಗುತ್ತದೆ ಎಂಬುದು ಅದರ ತಾತ್ಪರ್ಯ. ಇಬ್ಬರು ಜೊತೆಯಾಗಿ ಹಾಡಿದರೆ ಏನೆಂದುಕೊಳ್ಳುತ್ತಾರೆ ಎನ್ನುವಲ್ಲಿ ಮಾತ್ರ ಸಲಿಂಗಕಾಮಿಗಳನ್ನು ಹೀಯಾಳಿಸುವ ಪದವೊಂದಿದೆ. ಒಗ್ಗಟ್ಟಿನ ಆಹ್ವಾನದ ನಡುವೆಯೇ ಒಂದು ಗುಂಪನ್ನು ಹೊರಗಿಡುವ ನಗೆ. ಅಂದಿನ ಸೈನ್ಯ ಸಲಿಂಗಕಾಮಿಗಳನ್ನು ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಆ ಅಣಕ ಭರ್ತಿ ಅಧಿಕಾರಿಗಳ ತಲೆಯನ್ನು ಕುರಿತದ್ದೆಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಊಟದ ಮೇಜಿನ ಸುತ್ತ ಕೂತ ಮಗನಿಗೋ ಮಗಳಿಗೋ ಆ ಪದ ಮೊದಲು ತಾಗುತ್ತದೆ, ಸಂದರ್ಭ ಆಮೇಲೆ ಬರುತ್ತದೆ. ಬೆಂಚಿನ ಮೇಲಿನ ಅತ್ಯಾಚಾರಿಗಳನ್ನು ಹಾಸ್ಯಕ್ಕೆ ಬಳಸಿದ ಭಾಗವೂ ಇಂದು ಹಿಂದಿನಂತೆ ನಗು ತರಿಸುವುದಿಲ್ಲ.

ಗತ್ರಿ ಇದನ್ನು ಗಮನಿಸದೆ ಇರಲಿಲ್ಲ. ನಂತರದ ಕಛೇರಿಗಳಲ್ಲಿ ಆ ಸಾಲನ್ನು ಬದಲಿಸಿದ. ಒಮ್ಮೆ ದೂರದರ್ಶನದ ‘ಸೈನ್‌ಫೆಲ್ಡ್’ ಧಾರಾವಾಹಿಯ ಮಾತನ್ನು ತಂದ, 2015ರಲ್ಲಿ ಕೆಂಟಕಿಯ ಸಲಿಂಗ ವಿವಾಹದ ವಿವಾದವನ್ನು ತಂದ. 1996ರಲ್ಲಿ ಇಡೀ ಹಾಡನ್ನು ಮತ್ತೆ ಧ್ವನಿಮುದ್ರಿಸಿದ. ಅದರಲ್ಲಿ ಹೊಸದೊಂದು ಉಪಕಥೆಯಿದೆ: ಅಧ್ಯಕ್ಷ ಕಾರ್ಟರ್ ಅವರ ಮಗ ಚಿಪ್, ನಿಕ್ಸನ್ ಬಿಟ್ಟುಹೋದ ಶ್ವೇತಭವನದ ಸಂಗ್ರಹದಲ್ಲಿ ಈ ಹಾಡಿನ ತಟ್ಟೆ ಕಂಡೆನೆಂದು ಹೇಳಿದ್ದು. ನಿಕ್ಸನ್‌ನ ವಾಟರ್‌ಗೇಟ್ ಹಗರಣದ ಟೇಪಿನಲ್ಲಿ ಅಳಿಸಿಹೋದದ್ದೂ ಹದಿನೆಂಟೂವರೆ ನಿಮಿಷ, ತನ್ನ ಹಾಡೂ ಹದಿನೆಂಟೂವರೆ ನಿಮಿಷ ಎಂದು ಗತ್ರಿ ಕೇಳುಗರನ್ನು ನಗಿಸುತ್ತಾನೆ. ಇಷ್ಟೆಲ್ಲ ಇದ್ದರೂ ಹಬ್ಬದ ದಿನ ಕೇಂದ್ರಗಳು ಸಾಮಾನ್ಯವಾಗಿ ಹಾಕುವುದು 1967ರ ಮುದ್ರಿಕೆಯನ್ನೇ, ಆ ಪದದ ಸಮೇತ. ಹಾಡುಗಾರ ತಿದ್ದಿಕೊಂಡ, ಸಂಪ್ರದಾಯ ತಿದ್ದಿಕೊಳ್ಳಲಿಲ್ಲ.

ರೇಡಿಯೊ ಹಬ್ಬಗಳ ಸ್ವಭಾವವೇ ಹೀಗಿರಬಹುದು. ಮಹಾಲಯ ಅಮಾವಾಸ್ಯೆಯ ಮುಂಜಾನೆ ಕಲ್ಕತ್ತಾ ಆಕಾಶವಾಣಿ ಪ್ರಸಾರ ಮಾಡುವ ‘ಮಹಿಷಾಸುರಮರ್ದಿನಿ’ಯಲ್ಲಿ ಪಾರಾಯಣ ಮಾಡುತ್ತಿದ್ದ ಬೀರೇಂದ್ರಕೃಷ್ಣ ಭದ್ರರ ಬದಲಿಗೆ 1976ರಲ್ಲಿ ಚಿತ್ರನಟ ಉತ್ತಮ್ ಕುಮಾರ್ ಅವರ ಹೊಸ ಕಾರ್ಯಕ್ರಮ ಬಂದಾಗ ಕೇಳುಗರು ರೊಚ್ಚಿಗೆದ್ದು ಹಳೆಯದನ್ನೇ ಮರಳಿ ತರಿಸಿದರು. ಆ ಕೇಳುಗರೆಲ್ಲ ಒಂದೇ ಪಕ್ಷದಲ್ಲಿದ್ದರು. ಅಮೆರಿಕದ ಪ್ರಕರಣದಲ್ಲಿ ಹಳೆಯ ಮುದ್ರಿಕೆಯನ್ನು ಬಿಡಲೊಲ್ಲದವರಿಗೂ ಅದರಲ್ಲಿನ ಒಂದು ಪದ ಮುಜುಗರ ತರುತ್ತದೆ. ಒಡಕು ಕೇಳುಗರ ನಡುವೆ ಮಾತ್ರ ಇಲ್ಲ, ಒಬ್ಬನೇ ಕೇಳುಗನ ಒಳಗೂ ಇದೆ.

ಹಾಡುಗಾರನ ರಾಜಕೀಯವೂ ಈ ಒಡಕನ್ನು ಹೆಚ್ಚಿಸಿತು. ಕಮ್ಯುನಿಸ್ಟರ ಒಡನಾಡಿಯಾಗಿದ್ದ ವುಡಿಯ ಮಗ ಒಂದು ಕಾಲಕ್ಕೆ ರಿಪಬ್ಲಿಕನ್ ಪಕ್ಷಕ್ಕೆ ಹೆಸರು ನೋಂದಾಯಿಸಿಕೊಂಡ. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಆ ಪಕ್ಷದ ಆಕಾಂಕ್ಷಿಯಾಗಿದ್ದ ರಾನ್ ಪಾಲ್‌ಗೆ ಬೆಂಬಲ ಕೊಟ್ಟ. ಮುಂದೆ ಆ ಪಕ್ಷದಿಂದ ದೂರವಾದ. ತನ್ನ ಹಾಡು ಯುದ್ಧಕ್ಕಿಂತ ಹೆಚ್ಚಾಗಿ ಮೂರ್ಖತನದ ವಿರುದ್ಧ ಎಂದು ಅವನು ಹೇಳಿದ್ದಿದೆ. ಪ್ರತಿಭಟನೆಯ ಹಾಡೆಂದು ಎದೆಗೆ ಅಪ್ಪಿಕೊಂಡವರಿಗೆ ಇದು ರುಚಿಸದ ಮಾತು. ಮನೆಯಲ್ಲಿ ಮಾವ ಒಂದು ಪಕ್ಷ, ಅಳಿಯ ಇನ್ನೊಂದು ಪಕ್ಷವಾಗಿದ್ದರೂ ಇಬ್ಬರೂ ಕೇಳಬಹುದಾದ ಹಾಡಾಗಿ ಅದು ಉಳಿದದ್ದು ಮಾತ್ರ ಈ ಅಸ್ಪಷ್ಟತೆಯಿಂದಲೇ. ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ 2017ನೇ ಸಾಲಿನ ಪಟ್ಟಿಗೆ ಸೇರಿಸಿತು. ಸರಕಾರವನ್ನು ಗೇಲಿ ಮಾಡಿದ ಹಾಡಿಗೆ ಸರಕಾರದ್ದೇ ಪೆಟ್ಟಿಗೆ.

ಹಾಡಿಗೆ ಹೆಸರು ಕೊಟ್ಟ ಆಲಿಸ್ ಬ್ರಾಕ್ ಕೂಡ ತನಗೆ ಅಂಟಿದ ಕೀರ್ತಿಯ ಬಗ್ಗೆ ಎರಡು ಮನಸ್ಸಿನವಳಾಗಿದ್ದಳು. ಸ್ಟಾಕ್‌ಬ್ರಿಜ್‌ನಲ್ಲಿ ತೆರೆದ ಅವಳ ‘ಬ್ಯಾಕ್ ರೂಮ್’ ಹೋಟೆಲು ಸುಮಾರು ಒಂದು ವರ್ಷ ನಡೆದು ಮುಚ್ಚಿತು. 1969ರಲ್ಲಿ ಹಾಡಿನ ಹೆಸರಿನಲ್ಲೇ ಅಡುಗೆ ಪುಸ್ತಕ ತಂದಳು. ಚಿತ್ರದಲ್ಲಿ ತನ್ನನ್ನು ತೋರಿಸಿದ ರೀತಿಗೆ ಮಾತ್ರ ಬೇಸರಪಟ್ಟಳು. ಪ್ರಾವಿನ್ಸ್‌ಟೌನ್‌ನಲ್ಲಿ ಚಿತ್ರಕಲೆ ಮಾಡಿಕೊಂಡಿದ್ದ ಅವಳು 2024ರ ನವೆಂಬರ್ 21ರಂದು, ಹಬ್ಬಕ್ಕೆ ಒಂದು ವಾರವಿರುವಾಗ, 83ನೇ ವಯಸ್ಸಿನಲ್ಲಿ ತೀರಿಕೊಂಡಳು. ಆ ಹಳೆಯ ಚರ್ಚನ್ನು ಗತ್ರಿ 1990ರ ದಶಕದ ಆರಂಭದಲ್ಲಿ ಕೊಂಡು ಸರ್ವಧರ್ಮ ಕೇಂದ್ರ ಮಾಡಿದ್ದಾನೆ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನ ಉಚಿತ ಊಟ ಬಡಿಸುತ್ತಾರೆ.

ಹಾಡಿನ ಬಗೆಗಿನ ಚರ್ಚೆಗಳಲ್ಲಿ ಕಾಣದ ಒಂದು ಸಂಗತಿ ಉಳಿದಿದೆ. ಅದೇ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ, ಅದೇ ಗುರುವಾರ, ಅದೇ ಮಧ್ಯಾಹ್ನ 12ಕ್ಕೆ, ಕೋಲ್ಸ್ ಹಿಲ್ ಎಂಬ ದಿಬ್ಬದ ಮೇಲೆ ಮೂಲನಿವಾಸಿಗಳು ‘ರಾಷ್ಟ್ರೀಯ ಶೋಕದಿನ’ ಆಚರಿಸುತ್ತಾರೆ. 1970ರಲ್ಲಿ, ‘ಪಿಲ್‌ಗ್ರಿಮ್’ ಎಂದು ಕರೆಯಲಾಗುವ ಇಂಗ್ಲಿಷ್ ವಲಸಿಗರು ಬಂದಿಳಿದ 350ನೇ ವರ್ಷದ ಸಮಾರಂಭಕ್ಕೆ ವಾಂಪನೋಗ್ ಜನಾಂಗದ ವಂಸುಟ್ಟಾ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆದ ಸಂಘಟಕರು, ಅವರು ಬರೆದದ್ದನ್ನು ಓದಿ ನೋಡಿ ತಿರಸ್ಕರಿಸಿದ್ದರು. ಅಲ್ಲಿಂದ ಶುರುವಾದ ಆಚರಣೆ ಅದು. ಗತ್ರಿಯ ಹಾಡು ಪೊಲೀಸರನ್ನು, ನ್ಯಾಯಾಲಯವನ್ನು, ಸೈನ್ಯವನ್ನು, ಮನೋವೈದ್ಯರನ್ನು ಕೆಣಕುತ್ತದೆ. ಹಬ್ಬವನ್ನು ಮಾತ್ರ ಕೆಣಕುವುದಿಲ್ಲ. ಹಬ್ಬದೂಟವೆಂದರೆ ಅಲ್ಲಿ ಯಾವ ಪ್ರಶ್ನೆಯೂ ಇಲ್ಲದ ಸಂತೋಷ. ಉದ್ದವಾಯಿತು, ಹಳತಾಯಿತು, ಒಂದು ಪದ ಕೆಟ್ಟದು ಎಂದು ಕೇಳುಗರು ಅರ್ಧ ಶತಮಾನಕ್ಕೂ ಮೀರಿ ಜಗಳವಾಡಿದ್ದಾರೆ. ಹಬ್ಬವನ್ನೇ ಪ್ರಶ್ನಿಸದ ಪ್ರತಿಭಟನೆ ಅದಾಗಿದ್ದರಿಂದಲೇ ಹಬ್ಬದ ಮಧ್ಯಾಹ್ನಕ್ಕೆ ಅದು ಒಗ್ಗಿತೇ ಎಂಬ ಪ್ರಶ್ನೆ ಮಾತ್ರ ಆ ಜಗಳದೊಳಗೆ ಇನ್ನೂ ಬಂದಂತಿಲ್ಲ.