ಫೆಬ್ರವರಿಯ ಅಂಕಣ: ಷಿಕಾಗೊ, ಡೆಟ್ರಾಯಿಟ್ ಮಹಿಳಾ ಟೆನಿಸ್ ಪಂದ್ಯಾವಳಿಗಳ ಚರಿತ್ರೆ

ಷಿಕಾಗೊ ನಗರದಲ್ಲಿ ಮನೆಯ ಸಂಖ್ಯೆ ದೂರದ ಲೆಕ್ಕವನ್ನೂ ಹೇಳುತ್ತದೆ. ಸಂಖ್ಯೆ 800 ಏರಿದರೆ ಒಂದು ಮೈಲಿ. ಡೆವನ್ ಅವೆನ್ಯೂ ಇರುವುದು ಉತ್ತರಕ್ಕೆ 6400ರಲ್ಲಿ. ಅಂದರೆ ನಗರದ ನಡುಗೆರೆಯಾದ ಮ್ಯಾಡಿಸನ್ ಬೀದಿಯಿಂದ 8 ಮೈಲಿ. 1970ರ ದಶಕದ ಆರಂಭದಲ್ಲಿ ಇಲ್ಲಿ ಸೀರೆ ಅಂಗಡಿಗಳು ತೆರೆದವು. 1974ರಲ್ಲಿ ಪಟೇಲ್ ಬ್ರದರ್ಸ್ ದಿನಸಿ ಅಂಗಡಿ ಬಂತು. ಅಂದಿನಿಂದ ತೊಗರಿಬೇಳೆಗೆ, ಕರಿಬೇವಿಗೆ ಅಲ್ಲಿಗೆ ಹೋಗದ ಕನ್ನಡ ಮನೆ ಆ ಸೀಮೆಯಲ್ಲಿ ಅಪರೂಪ. ಅದೇ ರಸ್ತೆಯಿಂದ ವೆಸ್ಟರ್ನ್ ಅವೆನ್ಯೂ ಹಿಡಿದು ದಕ್ಷಿಣಕ್ಕೆ ಸುಮಾರು 9 ಮೈಲಿ ಇಳಿದು, ಸ್ವಲ್ಪ ಪೂರ್ವಕ್ಕೆ ತಿರುಗಿದರೆ ಇಲಿನಾಯ್ ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣ ಸಿಗುತ್ತದೆ. 1992ರ ಫೆಬ್ರವರಿ 16ರ ಭಾನುವಾರ ಅಲ್ಲಿ 35 ವರ್ಷದ ಮಾರ್ಟಿನಾ ನವ್ರಾಟಿಲೋವಾ ಯಾನಾ ನೊವೊತ್ನಾ ಅವರನ್ನು 7-6, 4-6, 7-5ರಿಂದ ಸೋಲಿಸಿದರು. ಅದು ಅವರ 158ನೆಯ ಸಿಂಗಲ್ಸ್ ಪ್ರಶಸ್ತಿ. ಕ್ರಿಸ್ ಎವರ್ಟ್ ಹೆಸರಿನಲ್ಲಿದ್ದ 157ರ ದಾಖಲೆ ಆ ಸಂಜೆ ಹಿಂದೆ ಬಿತ್ತು.

ದಾಖಲೆ ಉಳಿಯಿತು, ಪಂದ್ಯಾವಳಿ ಉಳಿಯಲಿಲ್ಲ. ಟೆನಿಸ್ ಚರಿತ್ರೆ ಬರೆಯುವವರು ವಿಂಬಲ್ಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳ ಸುತ್ತಲೇ ಸುತ್ತುತ್ತಾರೆ. ವರ್ಷಕ್ಕೆ ನಾಲ್ಕು ಸಲ ಬರುವ ಆ ದೊಡ್ಡ ಜಾತ್ರೆಗಳಿಂದ ಮಾತ್ರ ಯಾವ ಆಟಗಾರ್ತಿಯೂ ಬದುಕು ಕಟ್ಟಿಕೊಳ್ಳಲಾರಳು. ಮಹಿಳಾ ಟೆನಿಸ್ ಒಂದು ವೃತ್ತಿಯಾದದ್ದು, ಅಂದರೆ ಆಡಿ ಉಣ್ಣುವ ಕೆಲಸವಾದದ್ದು, ಷಿಕಾಗೊ, ಡೆಟ್ರಾಯಿಟ್‌ನಂಥ ಕಾರ್ಖಾನೆ ನಗರಗಳಲ್ಲಿ, ಹಿಮ ಬೀಳುವ ತಿಂಗಳುಗಳಲ್ಲಿ, ವಾರದಿಂದ ವಾರಕ್ಕೆ. ಈ ಲೇಖನ ಹಿಂಬಾಲಿಸುವುದು ಆ ವಾರದ ದುಡಿಮೆಯನ್ನು.

1970ರಲ್ಲಿ ಲಾಸ್ ಏಂಜಲೀಸ್‌ನ ಪೆಸಿಫಿಕ್ ಸೌತ್‌ವೆಸ್ಟ್ ಪಂದ್ಯಾವಳಿ ಪುರುಷ ವಿಜೇತನಿಗೆ 12,500 ಡಾಲರ್, ಮಹಿಳೆಗೆ 1,500 ಡಾಲರ್ ಎಂದು ಗೊತ್ತುಮಾಡಿತ್ತು. ಎಂಟಕ್ಕೆ ಒಂದರ ಲೆಕ್ಕ. 'ವರ್ಲ್ಡ್ ಟೆನಿಸ್' ಪತ್ರಿಕೆಯ ಒಡತಿ ಗ್ಲಾಡಿಸ್ ಹೆಲ್ಡ್‌ಮನ್ ಅದಕ್ಕೆ ಬದಲಾಗಿ ಹೂಸ್ಟನ್‌ನಲ್ಲಿ ಮಹಿಳೆಯರದೇ ಪಂದ್ಯಾವಳಿ ಏರ್ಪಡಿಸಿದರು. ಸೆಪ್ಟೆಂಬರ್ 23ರಂದು 9 ಆಟಗಾರ್ತಿಯರು ತಲಾ 1 ಡಾಲರ್‌ನ ಕರಾರಿಗೆ ಸಹಿ ಮಾಡಿದರು. ಬಿಲ್ಲಿ ಜೀನ್ ಕಿಂಗ್, ರೋಸಿ ಕಸಾಲ್ಸ್, ನ್ಯಾನ್ಸಿ ರಿಚಿ ಮೊದಲಾದವರ ಆ ಸಾಲಿನಲ್ಲಿ ನಮ್ಮ ವಿಷಯಕ್ಕೆ ಹತ್ತಿರದ ಹೆಸರು ಬೇರೆ: ಪೀಚಸ್ ಬಾರ್ಟ್ಕೊವಿಚ್. ಬಹುತೇಕ ಎಲ್ಲ ಕಡೆ ಡೆಟ್ರಾಯಿಟ್ ಸುತ್ತುವರಿದಿರುವ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಪಟ್ಟಣದ ಹುಡುಗಿ ಆಕೆ. ಮೋಟಾರು ಕಾರ್ಖಾನೆಗಳಲ್ಲಿ ದುಡಿಯುವ ಪೋಲಿಷ್ ಮೂಲದ ಕುಟುಂಬಗಳ ಊರು ಅದು. ಜೀನ್ ಹಾಕ್ಸಿ ಎಂಬ ತರಬೇತುದಾರ್ತಿ ಅಲ್ಲಿನ ಮಕ್ಕಳ ಕೈಗೆ ರ್‍ಯಾಕೆಟ್ ಕೊಟ್ಟು ಬೆಳೆಸಿದರು. ಬಾರ್ಟ್ಕೊವಿಚ್ 1964ರಲ್ಲಿ ವಿಂಬಲ್ಡನ್ ಬಾಲಕಿಯರ ಪ್ರಶಸ್ತಿ ಗೆದ್ದವರು. ಟೆನಿಸ್ ಸಿರಿವಂತರ ಕ್ಲಬ್ಬಿನ ಆಟವಾಗಿದ್ದ ಕಾಲದಲ್ಲಿ ಕಾರ್ಮಿಕರ ಕೇರಿಯೊಂದು ಆ ಒಂಬತ್ತರಲ್ಲಿ ಒಬ್ಬರನ್ನು ಕೊಟ್ಟಿತೆಂಬುದು ನನಗೆ ಬಹಳ ದೊಡ್ಡ ಸಂಗತಿ. ಈಗ ಆ ಊರಿನಲ್ಲಿ ಬಾಂಗ್ಲಾದೇಶ ಮತ್ತು ಯೆಮನ್ ಮೂಲದವರು ಬಹುಸಂಖ್ಯೆಯಲ್ಲಿದ್ದಾರೆ. ಡೆವನ್‌ನಂತೆ ಅದೂ ವಲಸೆಯ ಅಲೆ ಅಲೆಗಳು ಮಾಡಿದ ಊರು.

ಇನ್ನು ಹಣದ ಮಾತು. ಹೂಸ್ಟನ್ ಪಂದ್ಯಾವಳಿಗೂ ಅದರ ಬೆನ್ನಿಗೆ ಬಂದ ಸರಣಿಗೂ ನೆರವಾದದ್ದು ಫಿಲಿಪ್ ಮೋರಿಸ್ ಕಂಪನಿಯ ವರ್ಜೀನಿಯಾ ಸ್ಲಿಮ್ಸ್ ಸಿಗರೇಟು. 1968ರಲ್ಲಿ ಮಹಿಳೆಯರನ್ನೇ ಗುರಿಯಾಗಿಸಿ ಮಾರುಕಟ್ಟೆಗೆ ಬಂದ ಸರಕು ಅದು. 1971ರ ಜನವರಿ 2ರಿಂದ ಅಮೆರಿಕದ ರೇಡಿಯೊ ಮತ್ತು ಟಿ.ವಿ.ಗಳಲ್ಲಿ ಸಿಗರೇಟಿನ ಜಾಹೀರಾತು ನಿಷೇಧವಾಯಿತು. ಹೀಗೆ ಬಾಗಿಲು ಮುಚ್ಚಿದ ಹಣ ಬೇರೆ ದಾರಿ ಹುಡುಕುತ್ತಿದ್ದಾಗ, ಬಾಗಿಲೇ ತೆರೆಯದ ಆಟಗಾರ್ತಿಯರು ಅದಕ್ಕೆ ಎದುರಾದರು. ನಮ್ಮಲ್ಲಿ 'ವಿಲ್ಸ್' ಹೆಸರು ಭಾರತದ ಕ್ರಿಕೆಟ್ ಅಂಗಿಯ ಮೇಲೆ ಬಂದದ್ದನ್ನು ಕಂಡವರಿಗೆ ಈ ಕೊಡುಕೊಳ್ಳುವಿಕೆ ಅಪರಿಚಿತವಲ್ಲ. ಆರೋಗ್ಯಕ್ಕೆ ಹಾನಿಯಾದ ವಸ್ತು ಆರೋಗ್ಯವಂತರ ಆಟವನ್ನು ಸಾಕಿತೆಂಬುದು ಈ ಚರಿತ್ರೆಯ ನೋಯುವ ಜಾಗ. ಅದನ್ನು ಮುಚ್ಚಿಡುವುದು ತಪ್ಪು. ಆಟಗಾರ್ತಿಯರ ಮುಂದೆ ಬೇರೆ ಹಣ ಸಾಲುಗಟ್ಟಿ ನಿಂತಿತ್ತೆಂದು ಊಹಿಸಿಕೊಂಡು ಅವರನ್ನು ದೂರುವುದೂ ಅಷ್ಟೇ ತಪ್ಪು.

1971ರ ಮೊದಲ ಪೂರ್ಣ ಸರಣಿಯಲ್ಲಿ 19 ಪಂದ್ಯಾವಳಿಗಳಿದ್ದವು. ಒಟ್ಟು ಬಹುಮಾನ 3,09,100 ಡಾಲರ್. ಷಿಕಾಗೊ ಪಂದ್ಯಾವಳಿ ಹುಟ್ಟಿದ್ದೂ ಆ ವರ್ಷವೇ. ಅದೇ ವರ್ಷ ಕಿಂಗ್ ಒಂದೇ ಋತುವಿನಲ್ಲಿ ಲಕ್ಷ ಡಾಲರ್ ಗಳಿಕೆ ದಾಟಿದ ಮೊದಲ ಮಹಿಳಾ ಕ್ರೀಡಾಪಟುವಾದರು. ಅಂಕೆ ದೊಡ್ಡದು, ದಿನಚರಿ ಮಾತ್ರ ಬೀದಿ ನಾಟಕದ ತಂಡದ್ದು. ಬೆಳಗಿನ ರೇಡಿಯೊ ಕಾರ್ಯಕ್ರಮಕ್ಕೆ ಹೋಗಿ ತಮ್ಮ ಆಟವನ್ನು ತಾವೇ ಸಾರಬೇಕು. ದಾರಿಹೋಕರಿಗೆ ಟಿಕೆಟು ಹಂಚಬೇಕು. ಊರಿನ ಯಾರದಾದರೂ ಮನೆಯಲ್ಲಿ ತಂಗಬೇಕು. ಸಂಜೆ ಆಡಬೇಕು. ಆಮೇಲೆ ಮುಂದಿನ ಊರು. ಗುಬ್ಬಿ ವೀರಣ್ಣನವರ ಕಂಪನಿ ಊರೂರಿಗೆ ಪರದೆ ಕಟ್ಟಿಕೊಂಡು ತಿರುಗಿದಂತೆ ಈ ಹೆಣ್ಣುಮಕ್ಕಳು ಹಿಮದಲ್ಲಿ ತಿರುಗಿದರು.

ಪರದೆಯ ಮಾತು ಬಂದದ್ದರಿಂದ ಅಂಕಣದ ನೆಲದ ಬಗ್ಗೆ ಹೇಳಬೇಕು, ಏಕೆಂದರೆ ಷಿಕಾಗೊದ ಕಥೆಯ ಅರ್ಧ ಗುಟ್ಟು ಅಲ್ಲಿದೆ. ಬಾಸ್ಕೆಟ್‌ಬಾಲಿಗೂ ಐಸ್ ಹಾಕಿಗೂ ಕಟ್ಟಿದ ಸಭಾಂಗಣಗಳಲ್ಲಿ ಟೆನಿಸ್ ಆಡಿಸಬೇಕಾದರೆ ನೆಲದ ಮೇಲೆ ಸುರುಳಿ ಬಿಚ್ಚಿ ಹಾಸುವ ಕಾರ್ಪೆಟ್ ಬೇಕು. ವಾರ ಮುಗಿದ ಮೇಲೆ ಅದನ್ನು ಸುತ್ತಿಡಬಹುದು. ಆ ಹಾಸಿನ ಮೇಲೆ ಚೆಂಡು ತಗ್ಗಾಗಿ ಜಾರಿ ಬೇಗ ಬರುತ್ತದೆ. ಒಳಾಂಗಣದಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ. ಸರ್ವ್ ಮಾಡಿ ನೆಟ್ಟಿಗೆ ನುಗ್ಗುವವರಿಗೆ ಇದು ಹೇಳಿ ಮಾಡಿಸಿದ ನೆಲ. ಎಡಗೈ ಸರ್ವಿನಿಂದ ಎದುರಾಳಿಯನ್ನು ಅಂಕಣದ ಹೊರಕ್ಕೆ ಎಳೆದು, ಖಾಲಿಯಾದ ಜಾಗಕ್ಕೆ ವಾಲಿ ಹೊಡೆಯುವ ನವ್ರಾಟಿಲೋವಾ 1978ರಿಂದ 1992ರವರೆಗೆ ಷಿಕಾಗೊದಲ್ಲಿ 12 ಸಲ ಸಿಂಗಲ್ಸ್ ಗೆದ್ದರು. ವಿಂಬಲ್ಡನ್‌ನಲ್ಲಿ ಅವರು ಗೆದ್ದದ್ದು 9 ಸಲ. ವೃತ್ತಿಪರರಿಗೂ ದೊಡ್ಡ ಪಂದ್ಯಾವಳಿಗಳ ಬಾಗಿಲು ತೆರೆದ ಮುಕ್ತ ಯುಗದಲ್ಲಿ ಒಂದೇ ಪಂದ್ಯಾವಳಿಯನ್ನು 12 ಬಾರಿ ಗೆದ್ದ ಮಹಿಳೆ ಬೇರೊಬ್ಬರಿಲ್ಲ. ಪುರುಷರಲ್ಲಿ ಆ ಎಣಿಕೆಯನ್ನು ದಾಟಲು ಪ್ಯಾರಿಸಿನ ಮಣ್ಣಿನಲ್ಲಿ ರಫೆಲ್ ನಡಾಲ್ 2020ರವರೆಗೆ ದುಡಿಯಬೇಕಾಯಿತು. 1975ರಲ್ಲಿ, 18ನೆಯ ವಯಸ್ಸಿನಲ್ಲಿ, ಚೆಕೊಸ್ಲೊವಾಕಿಯಾ ತೊರೆದು ಬಂದ ಹುಡುಗಿಗೆ ಈ ಚಳಿಗಾಲದ ಊರು ತವರಿನಷ್ಟೇ ಒಲಿಯಿತೆಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಪಂದ್ಯಾವಳಿಯ ಹೆಸರು ಮಾತ್ರ ಹಣದ ಹಿಂದೆ ಹೋಯಿತು. ಮೊದಲು ವರ್ಜೀನಿಯಾ ಸ್ಲಿಮ್ಸ್ ಆಫ್ ಷಿಕಾಗೊ. 1979ರಿಂದ 1982ರವರೆಗೆ ಸೌಂದರ್ಯ ಸಾಧನಗಳ ಕಂಪನಿ ಏವನ್ ಹೆಸರು. 1983ರಲ್ಲಿ ಮತ್ತೆ ಸಿಗರೇಟು. ಕೊನೆಯ ವರ್ಷಗಳಲ್ಲಿ ಷಿಕಾಗೊದ್ದೇ ಟೆಲಿಫೋನ್ ಕಂಪನಿಯ ಹೆಸರಿನ ಅಮೆರಿಟೆಕ್ ಕಪ್. ಹಳೆಯ ಪತ್ರಿಕೆಗಳಲ್ಲಿ ಇದನ್ನು ಹುಡುಕುವವರು ಒಂದೇ ಪಂದ್ಯಾವಳಿಯನ್ನು ಮೂರೆಂದು ಎಣಿಸುವ ಅಪಾಯವಿದೆ. ನೆನಪು ಮಾಸಿಹೋಗಲು ಇದೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ. ವಿಂಬಲ್ಡನ್ ಎಂಬುದು ಊರಿನ ಹೆಸರು, ಊರಿರುವವರೆಗೆ ಇರುತ್ತದೆ. ಸರಕಿನ ಹೆಸರಿಟ್ಟುಕೊಂಡದ್ದು ಸರಕಿನೊಡನೆ ಹೋಗುತ್ತದೆ.

ಡೆಟ್ರಾಯಿಟ್ ಪಂದ್ಯಾವಳಿಯ ಆಯುಷ್ಯ ಇನ್ನೂ ಚಿಕ್ಕದು, 1983ಕ್ಕೆ ಮುಗಿಯಿತು. ಆದರೆ 1981ರ ಒಂದೇ ವಾರ ಅದಕ್ಕೆ ಚರಿತ್ರೆಯಲ್ಲಿ ಅಳಿಸಲಾರದ ಸ್ಥಾನ ಕೊಟ್ಟಿದೆ. ಆಗ ಏವನ್ ಚಾಂಪಿಯನ್‌ಷಿಪ್ಸ್ ಆಫ್ ಡೆಟ್ರಾಯಿಟ್ ಎಂಬ ಹೆಸರು. ಫೈನಲ್‌ನಲ್ಲಿ ಹಾನಾ ಮ್ಯಾಂಡ್ಲಿಕೋವಾ. ಕೆಲವೇ ತಿಂಗಳುಗಳ ಹಿಂದೆ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದವರು. ಅವರನ್ನು ಲೆಸ್ಲಿ ಅಲೆನ್ 6-4, 6-4ರಿಂದ ಸೋಲಿಸಿದರು. 1950ರ ದಶಕದಲ್ಲಿ ಆಲ್ತಿಯಾ ಗಿಬ್ಸನ್ ವಿಂಬಲ್ಡನ್ ಗೆದ್ದಿದ್ದರು. ಅವರ ನಂತರ ಟೆನಿಸ್‌ನ ದೊಡ್ಡ ಪಂದ್ಯಾವಳಿಯೊಂದನ್ನು ಗೆದ್ದ ಮೊದಲ ಕಪ್ಪು ಅಮೆರಿಕನ್ ಮಹಿಳೆ ಅಲೆನ್. ನಡುವೆ ಎರಡು ದಶಕಕ್ಕೂ ಮೀರಿದ ಮೌನ. 1980ರ ಜನಗಣತಿಯ ಪ್ರಕಾರ ಡೆಟ್ರಾಯಿಟ್ ನಿವಾಸಿಗಳಲ್ಲಿ ನೂರಕ್ಕೆ 63 ಮಂದಿ ಕಪ್ಪು ಜನ. ಆ ಮೌನ ಒಡೆಯಲು ಅದಕ್ಕಿಂತ ತಕ್ಕ ಊರು ಇರಲಾರದು. ವೀನಸ್ ವಿಲಿಯಮ್ಸ್ ಆಗ ಒಂದು ವರ್ಷದ ಕೂಸು ಕೂಡ ಆಗಿರಲಿಲ್ಲ, ಸೆರೀನಾ ಹುಟ್ಟಿರಲೇ ಇಲ್ಲ. ಮರುವರ್ಷ ಅದೇ ಪಂದ್ಯಾವಳಿಯನ್ನು ಷಿಕಾಗೊದಲ್ಲಿ ಹುಟ್ಟಿದ, ಆಗಿನ್ನೂ 16ರ ಹರೆಯದ ಆಂಡ್ರಿಯಾ ಜೇಗರ್ ಗೆದ್ದರು. 14ಕ್ಕೇ ವೃತ್ತಿಗಿಳಿದ ಮಗು ಆಕೆ. 1983ರಲ್ಲಿ ವಿಂಬಲ್ಡನ್ ಫೈನಲ್ ತಲುಪಿದರು. ಭುಜದ ನೋವಿನಿಂದ ಬೇಗನೆ ಆಟ ಬಿಟ್ಟು, ಕ್ಯಾನ್ಸರ್ ಪೀಡಿತ ಮಕ್ಕಳ ಸೇವೆಗೆ ನಿಂತರು. ಮುಂದೆ ಸನ್ಯಾಸಿನಿಯೂ ಆದರು. ವಾರದಿಂದ ವಾರಕ್ಕೆ ಓಡುವ ಈ ವೃತ್ತಿ ಎಳೆಯ ಮೈಯಿಂದ ಎಷ್ಟು ಕಸಿಯುತ್ತದೆಂದು ಅವರ ಬಾಳು ನೋಡಿದರೆ ತಿಳಿಯುತ್ತದೆ.

1990ರಲ್ಲಿ ಅಮೆರಿಕದ ಆರೋಗ್ಯ ಸಚಿವ ಲೂಯಿಸ್ ಸಲಿವನ್ ತಂಬಾಕು ಕಂಪನಿಗಳು ಪ್ರಾಯೋಜಿಸುವ ಕ್ರೀಡೆಗಳನ್ನು ಬಹಿರಂಗವಾಗಿ ವಿರೋಧಿಸಿದರು. 1994ರ ಹೊತ್ತಿಗೆ ವರ್ಜೀನಿಯಾ ಸ್ಲಿಮ್ಸ್ ಸರಣಿಯಿಂದ ಹಿಂದೆ ಸರಿಯಿತು. ಷಿಕಾಗೊದ ಕೊನೆಯ ಅಧ್ಯಾಯದಲ್ಲಿ ಒಂದು ಕರಾಳ ನೆರಳೂ ಇದೆ. 1993ರಲ್ಲಿ ಮೋನಿಕಾ ಸೆಲೆಸ್ ಇಲ್ಲಿನ ಫೈನಲ್‌ನಲ್ಲಿ ನವ್ರಾಟಿಲೋವಾ ಅವರನ್ನು ಸೋಲಿಸಿದರು. ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ ಅಂಕಣದಲ್ಲೇ ಸೆಲೆಸ್ ಬೆನ್ನಿಗೆ ಚೂರಿ ಬಿತ್ತು. ಮತ್ತೆ ಪ್ರಶಸ್ತಿ ಹಿಡಿಯಲು 1995ರ ಆಗಸ್ಟ್ ಬರಬೇಕಾಯಿತು. ಆ ಅಖಂಡ ಗೆಲುವಿನ ದಿನಗಳ ಕೊನೆಯ ಪ್ರಶಸ್ತಿ ಷಿಕಾಗೊದ್ದು. 1997ರಲ್ಲಿ ಲಿಂಡ್ಸೆ ಡೇವನ್‌ಪೋರ್ಟ್ ಗೆದ್ದ ಮೇಲೆ ಕಾರ್ಪೆಟ್ ಸುತ್ತಿಟ್ಟರು. ಮತ್ತೆ ಬಿಚ್ಚಲಿಲ್ಲ.

ಬೆಂಗಳೂರಿನ ಓದುಗರು ಇದನ್ನು ದೂರದ ಕಥೆಯೆಂದುಕೊಳ್ಳಬೇಕಿಲ್ಲ. ಕಬ್ಬನ್ ಪಾರ್ಕಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ 2006ರಿಂದ 2008ರವರೆಗೆ ಮಹಿಳಾ ಟೆನಿಸ್ ಸಂಘದ (ಡಬ್ಲ್ಯುಟಿಎ) ಪಂದ್ಯಾವಳಿ ನಡೆಯಿತು. ಮೊದಲ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ, ಎರಡನೆಯ ವರ್ಷ ಯಾರೋಸ್ಲಾವಾ ಶ್ವೆಡೋವಾ ಗೆದ್ದರು. ಮೂರನೆಯ ವರ್ಷ ದರ್ಜೆ ಏರಿತು, ಬಹುಮಾನ 6 ಲಕ್ಷ ಡಾಲರ್ ಆಯಿತು. ವಿಲಿಯಮ್ಸ್ ಸೋದರಿಯರಿಬ್ಬರೂ ಬಂದರು. ಸೆಮಿಫೈನಲ್‌ನಲ್ಲಿ ಸೆರೀನಾ ಅಕ್ಕನನ್ನು ಮೂರು ಸೆಟ್‌ಗಳಲ್ಲಿ, ಕೊನೆಯದನ್ನು ಟೈಬ್ರೇಕರಿನಲ್ಲಿ, ದಾಟಿ, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಮಣಿಸಿದರು. ಲೆಸ್ಲಿ ಅಲೆನ್ ಡೆಟ್ರಾಯಿಟ್‌ನಲ್ಲಿ ತೆರೆದ ದಾರಿ 27 ವರ್ಷಗಳ ನಂತರ ಕಬ್ಬನ್ ಪಾರ್ಕಿನ ಮರಗಳ ನಡುವೆ ಹಾದುಹೋಯಿತು. ಆದರೆ ಆ ವರ್ಷದ ಬೆಂಗಳೂರಿನ ಅಂಕಣದಲ್ಲಿ ಸಾನಿಯಾ ಮಿರ್ಜಾ ಇರಲಿಲ್ಲ. ಬೆನ್ನಟ್ಟಿದ ವಿವಾದಗಳಿಂದ ಬೇಸತ್ತು ಅವರು ತಾಯ್ನೆಲದಲ್ಲಿ ಆಡುವುದನ್ನೇ ಬಿಟ್ಟಿದ್ದರು. ಷಿಕಾಗೊಗೆ ಜೇಗರ್ ಇದ್ದಂತೆ, ಜನ ತಮ್ಮವಳೆಂದು ನೋಡಲು ಬರುವ ಆಟಗಾರ್ತಿ ಪಂದ್ಯಾವಳಿಗೆ ಉಸಿರು. ಆ ಉಸಿರಿಲ್ಲದೆ ನಡೆದ ಬೆಂಗಳೂರಿನ ಮೂರನೆಯ ವರ್ಷವೇ ಕೊನೆಯದೂ ಆಯಿತು.

ಷಿಕಾಗೊಗೆ ಮಹಿಳಾ ಟೆನಿಸ್ ಮರಳಿದ್ದು ನಗರದ ದಕ್ಷಿಣ ಭಾಗದಲ್ಲಿ. ರಾಬರ್ಟ್ ಟೇಲರ್ ಹೋಮ್ಸ್ ಎಂಬ 28 ಬಹುಮಹಡಿ ಕಟ್ಟಡಗಳ ಬಡವರ ವಸತಿ ನೆಲಸಮವಾದ ಜಾಗದಲ್ಲಿ ಕಮಾವು ಮರ್ರೆ ಎಂಬ ತರಬೇತುದಾರರು ಟೆನಿಸ್ ಕೇಂದ್ರ ಕಟ್ಟಿದರು. 2017ರಲ್ಲಿ ಸ್ಲೋನ್ ಸ್ಟೀಫನ್ಸ್ ಯು.ಎಸ್. ಓಪನ್ ಗೆದ್ದಾಗ ಅವರ ಜೊತೆಗಿದ್ದವರು ಇವರೇ. 2021ರಲ್ಲಿ ಕೋವಿಡ್‌ನಿಂದಾಗಿ ಚೀನಾದ ಪಂದ್ಯಾವಳಿಗಳು ರದ್ದಾದವು. ಆ ವರ್ಷ ಷಿಕಾಗೊದ ಈ ಕೇಂದ್ರಕ್ಕೆ ಒಂದರ ಹಿಂದೊಂದು ಪಂದ್ಯಾವಳಿಗಳು ಬಂದವು. ಆಗಸ್ಟ್‌ನಲ್ಲಿ ಅಲ್ಲಿನ ಚಿಕ್ಕ ದರ್ಜೆಯ ಫೈನಲ್‌ನಲ್ಲಿ 18ರ ಎಮ್ಮಾ ರಾಡುಕಾನು ಡೆನ್ಮಾರ್ಕಿನ ಕ್ಲಾರಾ ಟೌಸನ್ ಎದುರು ಸೋತರು. ಮುಂದಿನ ತಿಂಗಳೇ ಆ ಹುಡುಗಿ ಅರ್ಹತಾ ಸುತ್ತಿನಿಂದ ಬಂದು ಯು.ಎಸ್. ಓಪನ್ ಗೆದ್ದರು. ಷಿಕಾಗೊದಲ್ಲಿ ಆಡಿದ ಆ ವಾರ ಆಕೆಗೆ ಮೂರು ಸೆಟ್‌ಗಳ ಸೋಲನ್ನೂ, ನ್ಯೂಯಾರ್ಕಿಗೆ ಬೇಕಾದ ಪಂದ್ಯದ ಪಳಗಿಕೆಯನ್ನೂ ಕೊಟ್ಟಿತ್ತು.