ಕುಕೀಯ ಉಗಮ ಮತ್ತು ಪರಿಣಾಮ: ಒಂದು ಐತಿಹಾಸಿಕ ವಿವೇಚನೆ

ಯಾವುದಾದರೊಂದು ಜಾಲತಾಣವನ್ನು ತೆರೆದೊಡನೆ ಕುಕೀಗಳಿಗೆ ಸಮ್ಮತಿ ಉಂಟೇ ಎಂಬ ಪ್ರಶ್ನೆ ಇಂದು ನಮಗೆ ಎದುರಾಗುವುದಷ್ಟೆ. ಅದನ್ನು ಓದದೆಯೇ ಸಮ್ಮತಿಯನ್ನಿತ್ತು ಮುಂದೆ ಸಾಗುವವರು ಹಲವರು. ಈ ಕುಕೀ ಯಾವ ಕೊರತೆಯನ್ನು ನೀಗಲೆಂದು ಹುಟ್ಟಿತು, ಯಾವ ಕಾರಣದಿಂದ ವಿವಾದಕ್ಕೆ ಗುರಿಯಾಯಿತು ಎಂಬುದನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಲಿಖಿತ ನಿಯಮಕ್ಕಿಂತಲೂ ಯಂತ್ರದಲ್ಲಿ ಮೊದಲೇ ಅಳವಟ್ಟ ರೂಢಿಯೇ ಬಲವತ್ತರವೆಂಬುದು ಈ ಚರಿತ್ರೆಯಿಂದ ತೋರಿಬರುವ ಮುಖ್ಯಾಂಶವೆಂದು ನಾವು ಭಾವಿಸುತ್ತೇವೆ.

ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಸಮೀಪದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಎಚ್.ಟಿ.ಟಿ.ಪಿ. ಎಂಬ ಸಂವಹನ ನಿಯಮವನ್ನು ರೂಪಿಸಿದುದು ವಿದ್ವಾಂಸರು ತಮ್ಮ ದಸ್ತಾವೇಜುಗಳನ್ನು ಪರಸ್ಪರ ಹಂಚಿಕೊಳ್ಳಲೆಂದು. ಬ್ರೌಸರ್ ಒಂದು ಪುಟವನ್ನು ಕೇಳುತ್ತದೆ. ಸರ್ವರ್ ಅದನ್ನು ಕಳುಹಿಸುತ್ತದೆ. ಅಲ್ಲಿಗೆ ಅವುಗಳ ಸಂಬಂಧ ಮುಗಿಯಿತು. ಮರುಕ್ಷಣವೇ ಅದೇ ವ್ಯಕ್ತಿ ಇನ್ನೊಂದು ಪುಟವನ್ನು ಕೇಳಿದರೂ ಸರ್ವರಿಗೆ ಅವನು ಅಪರಿಚಿತನೇ. ದಸ್ತಾವೇಜನ್ನು ಓದುವವನಿಗೆ ಈ ಮರೆವಿನಿಂದ ಬಾಧಕವಿಲ್ಲ. ವ್ಯಾಪಾರಕ್ಕಾದರೋ ಇದು ದೊಡ್ಡ ತೊಡಕು. ಒಂದು ಪುಟದಲ್ಲಿ ಆರಿಸಿದ ಸರಕು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮರೆತುಹೋದರೆ ಕ್ರಯವಿಕ್ರಯ ನಡೆಯುವುದು ಹೇಗೆ?

ಈ ತೊಡಕಿಗೆ ೧೯೯೪ರಲ್ಲಿ ಪರಿಹಾರವನ್ನು ಕಂಡವರು ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ. ಎಂ.ಸಿ.ಐ. ಸಂಸ್ಥೆಗಾಗಿ ಮಾರಾಟದ ವ್ಯವಸ್ಥೆಯೊಂದನ್ನು ನಿರ್ಮಿಸಬೇಕಾಗಿದ್ದಿತು. ಅಪೂರ್ಣ ವ್ಯವಹಾರಗಳ ವಿವರವನ್ನು ತನ್ನ ಸರ್ವರುಗಳಲ್ಲಿ ಇರಿಸಿಕೊಳ್ಳಲು ಆ ಸಂಸ್ಥೆಗೆ ಇಷ್ಟವಿರಲಿಲ್ಲ. ಗಿರಾಕಿಯ ಲೆಕ್ಕವನ್ನು ಅಂಗಡಿಯ ಖಾತೆಪುಸ್ತಕದಲ್ಲಿ ಬರೆಯದೆ ಅವನ ಕೈಗೇ ಚೀಟಿಯನ್ನು ಕೊಟ್ಟು, ಮುಂದಿನ ಸಲ ಅದನ್ನು ತೋರಿಸೆಂದು ಹೇಳಿದರೆ ಹೇಗೋ, ಮಾಂಟುಲ್ಲಿಯವರ ಉಪಾಯವೂ ಹಾಗೆಯೇ. ಯೂನಿಕ್ಸ್ ಬಳಕೆದಾರರಲ್ಲಿ ಪ್ರಚಲಿತವಾಗಿದ್ದ ‘ಮ್ಯಾಜಿಕ್ ಕುಕೀ’ ಎಂಬ ಮಾತಿನಿಂದ ಇದಕ್ಕೆ ಹೆಸರು ಬಂದಿತು. ಜಾನ್ ಜಿಯಾನಾಂಡ್ರಿಯಾ ಅವರೊಡನೆ ಸೇರಿ ಅವರು ಇದರ ಮೊದಲ ವಿವರಣೆಯನ್ನು ಬರೆದರು. ೧೯೯೪ರ ಅಕ್ಟೋಬರಿನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರಿನಲ್ಲಿಯೇ ಇದು ಅಡಕವಾಗಿದ್ದಿತು.

ಇದರ ಕಾರ್ಯವಿಧಾನ ಸರಳವಾದುದು. ಸರ್ವರ್ ತನ್ನ ಉತ್ತರದೊಡನೆ ‘ಸೆಟ್-ಕುಕೀ’ ಎಂಬ ಶಿರೋಲೇಖದಲ್ಲಿ ಒಂದು ಹೆಸರನ್ನೂ ಬೆಲೆಯನ್ನೂ ಕಳುಹಿಸುತ್ತದೆ. ಅದು ಯಾವ ತಾಣಕ್ಕೆ, ಯಾವ ಪಥಕ್ಕೆ, ಎಷ್ಟು ಕಾಲ ಸಲ್ಲುವುದೆಂಬುದನ್ನೂ ಸೂಚಿಸಬಹುದು. ಬ್ರೌಸರ್ ಅದನ್ನು ಕಾಪಿಟ್ಟು, ಆ ತಾಣಕ್ಕೆ ಹೋಗುವ ಪ್ರತಿ ಕೋರಿಕೆಯೊಡನೆಯೂ ತಾನಾಗಿಯೇ ಹಿಂದಿರುಗಿಸುತ್ತದೆ. ಕುಕೀಯನ್ನು ಅಳಿಸೆಂಬ ಪ್ರತ್ಯೇಕ ಆಜ್ಞೆ ಈ ಶಿರೋಲೇಖದಲ್ಲಿಲ್ಲ. ಕಳೆದುಹೋದ ದಿನಾಂಕವೊಂದನ್ನು ಅವಧಿಯಾಗಿ ನಮೂದಿಸಿ ಅದೇ ಹೆಸರು, ತಾಣ, ಪಥಗಳಿಂದ ಮತ್ತೆ ಕಳುಹಿಸಿದರೆ ಅದು ಅಳಿಯುತ್ತದೆ. ಪಥ ಬೇರೆಯಾದರೆ ಹಳೆಯ ಕುಕೀ ಹಾಗೆಯೇ ಉಳಿಯುವುದರಿಂದ, ಕ್ರಮವಿಧಿಯನ್ನು ಬರೆಯುವವರು ಇಲ್ಲಿ ಎಚ್ಚರಿಕೆ ವಹಿಸಬೇಕಾಗುತ್ತದೆ.

‘ತಾನಾಗಿಯೇ’ ಎಂಬ ಈ ಗುಣದಲ್ಲಿಯೇ ಮುಂದಿನ ಅನರ್ಥಗಳ ಬೀಜವಿದ್ದಿತು. ಒಂದು ಪುಟದಲ್ಲಿ ಅನ್ಯ ತಾಣದ ಚಿತ್ರ ಅಥವಾ ಜಾಹೀರಾತು ಇದ್ದರೆ, ಆ ಅನ್ಯ ತಾಣವೂ ತನ್ನ ಕುಕೀಯನ್ನು ಇರಿಸಬಹುದು. ಒಂದೇ ಜಾಹೀರಾತು ಸಂಸ್ಥೆ ಸಾವಿರ ತಾಣಗಳಲ್ಲಿದ್ದರೆ, ಆ ಸಾವಿರ ತಾಣಗಳಲ್ಲಿಯೂ ವ್ಯಕ್ತಿಯ ಸಂಚಾರವನ್ನು ಅದು ಅರಿಯಬಲ್ಲುದು. ೧೯೯೬ರ ಫೆಬ್ರವರಿ ೧೨ರಂದು ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ಲೇಖನದಿಂದ ಕುಕೀಯ ವಿಷಯ ಸಾರ್ವಜನಿಕರ ಗಮನಕ್ಕೆ ಬಂದಿತು. ಅಲ್ಲಿಯವರೆಗೆ ಬಳಕೆದಾರರಿಗೆ ತಿಳಿಸದೆಯೇ ಬ್ರೌಸರುಗಳು ಕುಕೀಗಳನ್ನು ಸ್ವೀಕರಿಸುತ್ತಿದ್ದವು.

ಡೇವಿಡ್ ಕ್ರಿಸ್ಟಲ್ ಮತ್ತು ಮಾಂಟುಲ್ಲಿ ಅವರು ರಚಿಸಿ ೧೯೯೭ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್.ಎಫ್.ಸಿ. ೨೧೦೯ ಎಂಬ ಮಾನಕವು, ಇಂತಹ ಅನ್ಯತಾಣದ ಕುಕೀಗಳಿಗೆ ಮೊದಲಿನಿಂದಲೇ ಅವಕಾಶವಿರಕೂಡದೆಂದು ವಿಧಿಸಿತು. ಆದರೆ ಅಂದಿನ ಎರಡು ಪ್ರಮುಖ ಬ್ರೌಸರುಗಳಾದ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ಪಾಲಿಸಲಿಲ್ಲ. ೨೦೦೦ದ ಪರಿಷ್ಕೃತ ಮಾನಕಕ್ಕೂ ಆಚರಣೆಯಲ್ಲಿ ನೆಲೆ ದೊರೆಯಲಿಲ್ಲ. ಕೊನೆಗೆ ೨೦೧೧ರ ಆರ್.ಎಫ್.ಸಿ. ೬೨೬೫, ವಾಸ್ತವದಲ್ಲಿ ನಡೆಯುತ್ತಿದ್ದುದನ್ನೇ ದಾಖಲಿಸಿ ಅದನ್ನೇ ಮಾನಕವನ್ನಾಗಿಸಿತು. ಶಾಸ್ತ್ರವು ರೂಢಿಯನ್ನು ತಿದ್ದಲಾರದೆ ರೂಢಿಯನ್ನೇ ಅನುಸರಿಸಿದುದಕ್ಕೆ ಇದೊಂದು ನಿದರ್ಶನ.

ಸುರಕ್ಷತೆಯ ವಿಷಯದಲ್ಲಿಯೂ ಪರಿಹಾರಗಳು ಒಂದೊಂದಾಗಿ ಬಂದವು. ಗುಪ್ತೀಕೃತ ಸಂಪರ್ಕದಲ್ಲಿ ಮಾತ್ರವೇ ಕುಕೀಯನ್ನು ಕಳುಹಿಸಬೇಕೆಂಬ ‘ಸೆಕ್ಯೂರ್’ ಗುರುತು ನೆಟ್‌ಸ್ಕೇಪಿನ ಮೂಲ ವಿವರಣೆಯಲ್ಲಿಯೇ ಇದ್ದಿತು. ಆದರೂ ಪ್ರಸಿದ್ಧ ತಾಣಗಳೂ ಅದನ್ನು ಅಲಕ್ಷಿಸಿದ್ದವೆಂಬುದು ೨೦೧೦ರಲ್ಲಿ ಎರಿಕ್ ಬಟ್ಲರ್ ಅವರ ‘ಫೈರ್‌ಶೀಪ್’ ಎಂಬ ಸಾಧನದಿಂದ ಬಯಲಾಯಿತು. ತೆರೆದ ವೈ-ಫೈ ಜಾಲದಲ್ಲಿ ಪರರ ಕುಕೀಯನ್ನು ಹಿಡಿದು ಅವರ ಖಾತೆಯನ್ನು ಪ್ರವೇಶಿಸುವುದು ಸುಲಭವೆಂದು ಅದು ತೋರಿಸಿತು. ಪುಟದ ಜಾವಾಸ್ಕ್ರಿಪ್ಟಿಗೆ ಕುಕೀ ಕಾಣದಂತೆ ಮಾಡುವ ‘ಎಚ್‌ಟಿಟಿಪಿ-ಓನ್ಲಿ’ ೨೦೦೨ರಲ್ಲಿಯೂ, ಅನ್ಯತಾಣದಿಂದ ಹೊರಟ ಕೋರಿಕೆಗಳೊಡನೆ ಕುಕೀ ಹೋಗುವುದನ್ನು ನಿರ್ಬಂಧಿಸುವ ‘ಸೇಮ್‌ಸೈಟ್’ ೨೦೧೬ರಲ್ಲಿಯೂ ಬ್ರೌಸರುಗಳನ್ನು ಸೇರಿದವು. ಇವನ್ನು ಬರೆಯುವ ಹೊಣೆ ಮೊದಲು ಕ್ರಮವಿಧಿಕಾರನ ಮೇಲಿದ್ದಿತು. ೨೦೨೦ರಲ್ಲಿ ಕ್ರೋಮ್ ಬ್ರೌಸರ್, ಏನನ್ನೂ ನಮೂದಿಸದಿದ್ದರೂ ಸೇಮ್‌ಸೈಟಿನ ಮಿತ ನಿರ್ಬಂಧ ಅನ್ವಯಿಸುವಂತೆ ಮಾಡತೊಡಗಿತು. ರೂಢಿಯನ್ನೇ ಬದಲಿಸಿದುದರಿಂದ ರಕ್ಷಣೆ ವ್ಯಾಪಕವಾಯಿತು.

ಐರೋಪ್ಯ ಒಕ್ಕೂಟವು ೨೦೦೨ರ ನಿರ್ದೇಶನವನ್ನು ೨೦೦೯ರಲ್ಲಿ ತಿದ್ದಿ ಬಳಕೆದಾರನ ಸಮ್ಮತಿಯನ್ನು ಅಗತ್ಯಗೊಳಿಸಿತು. ಮೊದಲೇ ಗುರುತು ಹಾಕಿಟ್ಟ ಚೌಕ ಸಮ್ಮತಿಯೆನಿಸದೆಂದು ೨೦೧೯ರ ಅಕ್ಟೋಬರ್ ೧ರಂದು ಅದರ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯಾಧೀಶರೂ ವಿಚಾರಿಸಿದುದು ಮೊದಲೇ ಅಳವಟ್ಟ ಸ್ಥಿತಿಯ ಪ್ರಶ್ನೆಯನ್ನೇ ಎಂಬುದು ಗಮನಾರ್ಹ. ಆಪಲ್ ಸಂಸ್ಥೆಯ ಸಫಾರಿ ೨೦೨೦ರಲ್ಲಿ ಅನ್ಯತಾಣದ ಕುಕೀಗಳನ್ನು ಪೂರ್ಣವಾಗಿ ತಡೆಯಿತು. ಅದೇ ವರ್ಷ ಅಂತಹುದೇ ಸಂಕಲ್ಪವನ್ನು ಘೋಷಿಸಿದ ಗೂಗಲ್, ಹಲವು ಬಾರಿ ಮುಂದೂಡಿ, ೨೦೨೪ರ ಜುಲೈಯಲ್ಲಿ ಅದನ್ನು ಕೈಬಿಟ್ಟಿತು.

ಒಬ್ಬ ವ್ಯಾಪಾರಿಯ ಅನುಕೂಲಕ್ಕೆಂದು ಮಾಡಿದ ಏರ್ಪಾಡು ಹೀಗೆ ಲೋಕವ್ಯಾಪಿಯಾಯಿತು. ಬಹುಜನರು ಯಂತ್ರವನ್ನು ಅದು ಬಂದಂತೆಯೇ ಬಳಸುವರಾದುದರಿಂದ, ಅದರ ಮೊದಲ ಸ್ಥಿತಿಯನ್ನು ನಿರ್ಧರಿಸುವವನೇ ಅವರ ಪರವಾಗಿ ಸಮ್ಮತಿಯನ್ನೂ ನಿರ್ಧರಿಸಿದಂತಾಗುತ್ತದೆ. ಇಂದು ನಮ್ಮ ಕಾಲೇಜುಗಳಲ್ಲಿ ಕ್ರಮವಿಧಿ ರಚನೆಯನ್ನು ಕಲಿಯುವ ವಿದ್ಯಾರ್ಥಿಗಳು ನಾಳೆ ಅಂತಹ ನಿರ್ಧಾರಗಳನ್ನು ಕೈಗೊಳ್ಳುವವರು. ಕುಕೀಯನ್ನು ಇರಿಸುವ ಒಂದು ಸಾಲನ್ನು ಬರೆಯುವಾಗ ಈ ಚರಿತ್ರೆ ಅವರ ನೆನಪಿನಲ್ಲಿರುವುದು ಉಚಿತ.